ಮಗುವಿನ ಕಾಲಳತೆಯಲ್ಲಿ ಮೈಸೂರು

ರಜೆ ಹತ್ತಿರ ಬಂತೆಂದರೆ ಮಕ್ಕಳಿರುವ ಮನೆಗಳಲ್ಲಿ ‘ಎಲ್ಲಾದರೂ ಹೋಗಿಬರೋಣ’ ಎಂಬ ಮಾತು ಶುರುವಾಗುತ್ತದೆ. ನಮ್ಮ ನಾಡಿನಲ್ಲಿ ಹೀಗೆ ಹೊರಟ ಸಂಸಾರಗಳನ್ನು ಮೊದಲು ಕರೆಯುವ ಊರು ಮೈಸೂರು. ಅಲ್ಲಿ ಅರಮನೆಯಿದೆ, ಮೃಗಾಲಯವಿದೆ, ಬೆಟ್ಟವಿದೆ. ಎಲ್ಲವೂ ಒಂದಕ್ಕೊಂದು ಹತ್ತಿರ. ತೊಂದರೆ ಆರಂಭವಾಗುವುದೂ ಈ ಹತ್ತಿರದಿಂದಲೇ. ಬೆಳಿಗ್ಗೆ ಬೆಟ್ಟ, ಆಮೇಲೆ ಮೃಗಾಲಯ, ಮಧ್ಯಾಹ್ನ ಅರಮನೆ, ಇಳಿಹೊತ್ತಿಗೆ ಶ್ರೀರಂಗಪಟ್ಟಣ, ಕತ್ತಲಾದ ಮೇಲೆ ಬೃಂದಾವನ! ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ನಾಲ್ಕು ವರ್ಷದ ಮಗುವಿನ ಪಾಲಿಗೆ ಆ ದಿನವೆಂದರೆ ಬಿಸಿಲು, ಬಾಯಾರಿಕೆ, ಸಾಲು ಮತ್ತು ಅಳು ಮಾತ್ರ.

ದೊಡ್ಡವರನ್ನು ದೂರಿ ಪ್ರಯೋಜನವಿಲ್ಲ. ವರ್ಷವಿಡೀ ಕೂಡಿಟ್ಟ ಹಣ, ಕಷ್ಟಪಟ್ಟು ಪಡೆದ ರಜೆ. ‘ಮತ್ತೆ ಯಾವಾಗ ಬರುತ್ತೇವೋ’ ಎಂಬ ಆತಂಕ ಸಹಜವೇ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಣಕ್ಕೆ ಮಾತ್ರವಲ್ಲ. ಪ್ರವಾಸದಲ್ಲಿ ಮನೆಯ ಅತಿ ಚಿಕ್ಕ ಮಗುವಿನ ಕಾಲು ಎಷ್ಟು ನಡೆಯಬಲ್ಲದೋ ಅಷ್ಟೇ ನಮ್ಮ ಊರು. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ಊಟ ಮತ್ತು ನಿದ್ದೆ. ಈ ಒಂದು ಸೂತ್ರ ಹಿಡಿದರೆ ಮೈಸೂರು ಎಲ್ಲರಿಗೂ ಸಿಗುತ್ತದೆ.

ದಿನಗಳ ಲೆಕ್ಕ

ಮೊದಲು ವಾರ ನೋಡಿಕೊಳ್ಳಿ. ಮೃಗಾಲಯಕ್ಕೂ ಅದರ ಪಕ್ಕದ ಕಾರಂಜಿ ಕೆರೆಗೂ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳ ಸಂಜೆ. ಆದ್ದರಿಂದ ಶನಿವಾರ ಹೊರಟು ಸೋಮವಾರ ಹಿಂತಿರುಗುವಂತೆ ಎರಡು ರಾತ್ರಿಯ ಪ್ರವಾಸ ಹಾಕಿಕೊಳ್ಳುವುದು ಜಾಣತನ. ದಸರೆಯ ವೈಭವ ದೊಡ್ಡದೇ ಹೌದು. ಆದರೆ ಆ ಜನಸಾಗರದಲ್ಲಿ ಮೂರಡಿ ಎತ್ತರದ ಮಗುವಿಗೆ ಕಾಣುವುದು ಮುಂದಿನವರ ಬೆನ್ನು. ಮಕ್ಕಳು ಸ್ವಲ್ಪ ಬೆಳೆಯುವ ತನಕ ದಸರೆ ಕಾಯಲಿ.

ಬೆಂಗಳೂರಿನ ಕಡೆಯಿಂದ ಬರುವವರಿಗೆ ದೂರ ಸುಮಾರು 140 ಕಿ.ಮೀ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರಿನವರಿಗೆ ದಾರಿ ಬೇಗ ಸಾಗುತ್ತದೆ. ಆದರೂ ಚಿಕ್ಕ ಮಕ್ಕಳಿಗೆ ರೈಲೇ ಚೆನ್ನ. ಎದ್ದು ಓಡಾಡಬಹುದು, ಶೌಚಾಲಯವಿದೆ, ಕಿಟಕಿಯಿದೆ. ರಾಮನಗರದ ಬಂಡೆಬೆಟ್ಟಗಳು, ಬೊಂಬೆಗಳ ಚನ್ನಪಟ್ಟಣ, ವಡೆಯ ಮದ್ದೂರು, ಕಬ್ಬಿನ ಮಂಡ್ಯ ಒಂದರ ಹಿಂದೆ ಒಂದು ಬರುತ್ತವೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ಹೇಳಲು ಒಂದು ಕಥೆಯೂ ಉಂಟು. ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಕೆಡವದೆ, ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ‘ಮನೆಯನ್ನು ಹೇಗೆ ಸರಿಸಿದರು?’ ಎಂಬ ಒಂದೇ ಪ್ರಶ್ನೆಯಲ್ಲಿ ಮೈಸೂರು ಬಂದಿರುತ್ತದೆ.

ಶನಿವಾರ ಮಧ್ಯಾಹ್ನ ತಲುಪಿದವರು ಮಲಗಿ ಎದ್ದು ಕಾರಂಜಿ ಕೆರೆಗೆ ಹೋದರೆ ಸಾಕು. ಹಕ್ಕಿಗಳ ನಡುವೆಯೇ ನಡೆದುಹೋಗುವಂಥ ದೊಡ್ಡ ಬಲೆಮನೆ ಅಲ್ಲಿದೆ. ಐದರ ಸುಮಾರಿಗೆ ಮುಚ್ಚುವ ಹೊತ್ತಾಗುವುದರಿಂದ ನಿದ್ದೆ ಉದ್ದವಾದರೆ ಕೆರೆಯನ್ನು ಬಿಟ್ಟುಬಿಡಿ. ನಷ್ಟವೇನೂ ಇಲ್ಲ.

ಬೆಟ್ಟ ಮತ್ತು ಅರಮನೆ

ಭಾನುವಾರ ಬಿಸಿಲೇರುವ ಮುನ್ನ ಚಾಮುಂಡಿ ಬೆಟ್ಟ. ಬುಡದಿಂದ ತುದಿಗೆ ಸಾವಿರ ಮೆಟ್ಟಿಲುಗಳಿವೆ. ಪುಟ್ಟ ಮಕ್ಕಳನ್ನು ಅಷ್ಟು ಹತ್ತಿಸುವುದು ಬೇಡ, ಎತ್ತಿಕೊಂಡು ಹತ್ತುವುದೂ ಬೇಡ. ಬಸ್ಸಿನಲ್ಲಿ ಮೇಲೆ ಹೋಗಿ ದೇವಿಯ ದರ್ಶನ ಮಾಡಿ, ಕತ್ತಿ ಹಾವು ಹಿಡಿದು ನಿಂತ ಮಹಿಷಾಸುರನನ್ನು ತೋರಿಸಿ. ಅನಂತರ ಐದಾರು ವರ್ಷ ದಾಟಿದ ಮಕ್ಕಳೊಡನೆ ನಿಧಾನವಾಗಿ ಮೆಟ್ಟಿಲಿಳಿಯಬಹುದು. ಸುಮಾರು ಮುನ್ನೂರು ಮೆಟ್ಟಿಲು ಇಳಿದರೆ ದೊಡ್ಡ ನಂದಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ ಅದು. ನಂದಿಯವರೆಗೆ ರಸ್ತೆಯೂ ಇರುವುದರಿಂದ ಅಜ್ಜಿ, ತಾತ ಮತ್ತು ಕೂಸು ವಾಹನದಲ್ಲಿ ಅಲ್ಲಿಗೆ ಬಂದು ಸೇರಿಕೊಳ್ಳಬಹುದು. ಕೊರಳಿನ ಗಂಟೆಗಳನ್ನು ಎಣಿಸುವ ಕೆಲಸ ಮಕ್ಕಳದು. ಕೈಚೀಲದಲ್ಲಿ ತಿಂಡಿಯಿದ್ದರೆ ಮಂಗಗಳ ಬಗ್ಗೆ ಎಚ್ಚರ.

ಮಧ್ಯಾಹ್ನ ಮೊಸರನ್ನ ಉಂಡು ಮಲಗಿದ ಮಕ್ಕಳು ನಾಲ್ಕಕ್ಕೆ ಅರಮನೆಗೆ ಹೊಸ ಉತ್ಸಾಹದಲ್ಲಿ ಬರುತ್ತಾರೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಮಕ್ಕಳಿಗೆ ಇಸವಿಗಿಂತ ಹುಡುಕಾಟ ಪ್ರಿಯ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯಲ್ಲಿ ನವಿಲು ಎಲ್ಲಿದೆ? ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳಲ್ಲಿ ಆನೆಗಳೆಷ್ಟು? ಇಂಥ ಎರಡು ಪ್ರಶ್ನೆ ಕೊಟ್ಟರೆ ‘ಎತ್ತಿಕೋ’ ಎಂಬ ರಾಗ ಏಳುವುದಿಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಬಿಚ್ಚಿ ಹಾಕಲು ಸುಲಭವಾದದ್ದೇ ಇರಲಿ. ಹೊರಬಂದು ಏನಾದರೂ ತಿಂದು ಏಳು ಗಂಟೆಯ ಹೊತ್ತಿಗೆ ಅಂಗಳದಲ್ಲಿ ನಿಂತರೆ, ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಆ ಕ್ಷಣದಲ್ಲಿ ಅರಮನೆಯನ್ನಲ್ಲ, ಮಗುವಿನ ಮುಖವನ್ನು ನೋಡಿ.

ಸೋಮವಾರದ ಮೃಗಾಲಯ

ಮೃಗಾಲಯವನ್ನು ಭಾನುವಾರದ ಜಾತ್ರೆಯಲ್ಲಿ ನೋಡುವುದಕ್ಕಿಂತ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗುವುದು ಲೇಸು. ತಂಪು ಹೊತ್ತಿನಲ್ಲಿ ಪ್ರಾಣಿಗಳು ಚುರುಕಾಗಿರುತ್ತವೆ. ಮಧ್ಯಾಹ್ನ ಹುಲಿಯೂ ಮಲಗುತ್ತದೆ, ಮಗುವೂ ಮಲಗುತ್ತದೆ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಆರಂಭಿಸಿದ ಈ ಮೃಗಾಲಯದ ಇಡೀ ಸುತ್ತಿಗೆ ದೊಡ್ಡವರಿಗೇ ಎರಡು ಮೂರು ಗಂಟೆ ಬೇಕು. ಹಿಂದಿನ ರಾತ್ರಿಯೇ ಪ್ರತಿ ಮಗು ಮೂರು ಪ್ರಾಣಿಗಳನ್ನು ಆರಿಸಲಿ: ಜಿರಾಫೆ, ಆನೆ, ಅಥವಾ 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾ ಅಣ್ಣತಮ್ಮಂದಿರು. ಅವನ್ನು ಮನಸಾರೆ ನೋಡಿ. ಉಳಿದವು ದಾರಿಯಲ್ಲಿ ಸಿಕ್ಕಷ್ಟು. ನಡೆಯಲಾರದವರಿಗೆ ಬ್ಯಾಟರಿ ವಾಹನವಿದೆ. ಪ್ಲಾಸ್ಟಿಕ್ ಚೀಲ ಒಯ್ಯಬೇಡಿ.

ಎರಡು ಎಚ್ಚರಿಕೆಯ ಮಾತು. ಮಗುವಿನ ಜೇಬಿನಲ್ಲಿ ತಂದೆತಾಯಿಯ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ಎಲ್ಲಿಗೆ ಹೋದರೂ ಮೊದಲು ಒಂದು ಗುರುತಿನ ಜಾಗ ತೋರಿಸಿ, ‘ಕೈತಪ್ಪಿದರೆ ಇಲ್ಲಿ ನಿಲ್ಲು, ಸಮವಸ್ತ್ರದವರಿಗೆ ಚೀಟಿ ತೋರಿಸು’ ಎಂದು ಹೇಳಿಕೊಡಿ. ಹುಡುಕಿ ಸಿಗದಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. ಇನ್ನು ಕುದಿಸಿ ಆರಿಸಿದ ನೀರು, ಟೋಪಿ, ಜ್ವರದ ಔಷಧಿ ಮತ್ತು ಓಆರ್‌ಎಸ್ ಪೊಟ್ಟಣ ಚೀಲದಲ್ಲಿ ಇದ್ದೇ ಇರಲಿ.

ಹೈಸ್ಕೂಲು ವಿದ್ಯಾರ್ಥಿಗಳೇ, ಈ ಪ್ರವಾಸದಲ್ಲಿ ನಿಮಗೂ ಹೊಣೆಯಿದೆ. ಮೈಸೂರಿನ ನಕ್ಷೆ ಬಿಡಿಸಿ ನಾಲ್ಕು ಜಾಗ ಗುರುತಿಸಿ. ಎಲ್ಲಿಂದ ಎಲ್ಲಿಗೆ ಯಾವ ಬಸ್ಸು ಎಂದು ವಿಚಾರಿಸಿ ಬರೆದುಕೊಳ್ಳಿ. ದಿನದ ಖರ್ಚಿನ ಪುಸ್ತಕ ನಿಮ್ಮ ಕೈಯಲ್ಲಿರಲಿ. ತಮ್ಮ, ತಂಗಿ ಸುಸ್ತಾದರೆಂದು ಒಂದು ಜಾಗ ಬಿಡಬೇಕಾದಾಗ ಮುಖ ಸಿಂಡರಿಸದೆ ‘ಬಿಡೋಣ’ ಎನ್ನುವುದನ್ನೂ ಕಲಿಯಬಹುದು.

ಬೃಂದಾವನ ಈ ಸಲ ಉಳಿಯಿತು ನಿಜ. ಊರಿನಿಂದ 20 ಕಿ.ಮೀ. ದೂರ, ಕತ್ತಲಾದ ಮೇಲೆ ಕಾರಂಜಿ, ಹಿಂತಿರುಗುವಾಗ ಹೆಗಲ ಮೇಲೆ ನಿದ್ದೆ ಹೋದ ಮಗು. ಅದು ಇನ್ನೊಂದು ಪ್ರವಾಸಕ್ಕೆ ಯೋಗ್ಯವಾದ ಜಾಗ. ನೋಡದೆ ಬಿಟ್ಟದ್ದನ್ನೆಲ್ಲ ಖರ್ಚಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಮಕ್ಕಳ ಕೈಯಿಂದಲೇ ಬರೆಯಿಸಿ ಇಟ್ಟುಕೊಳ್ಳಿ. ಮುಂದಿನ ರಜೆಗೆ ಎಲ್ಲಿಗೆ ಎಂದು ಯಾರೂ ಕೇಳಬೇಕಾಗುವುದಿಲ್ಲ.