ಹೊಳೆದಂಡೆಯಲ್ಲಿ ಹಾಡಾದ ತರ್ಕ

ಹೊಸಪೇಟೆಯಿಂದ ಬೆಳಗಿನ ಬಸ್ಸಿಗೇ ಹಂಪಿಗೆ ಬಂದಿಳಿದಿದ್ದೀರಿ. ಎದುರು ಬಸವಣ್ಣನ ಹತ್ತಿರ ಎಡಕ್ಕೆ ಹೊರಳಿ ಹೊಳೆದಂಡೆ ಹಿಡಿದರೆ ಚಕ್ರತೀರ್ಥ, ಕೋದಂಡರಾಮ. ಗುಡಿಯ ಹಿಂದಿನ ಮೆಟ್ಟಿಲು ಹತ್ತಿ ಯಂತ್ರೋದ್ಧಾರಕ ಪ್ರಾಣದೇವರ ಮುಂದೆ ನಿಲ್ಲುತ್ತೀರಿ. ಇಲ್ಲಿಯ ಹನುಮ ಗದೆ ಎತ್ತಿಲ್ಲ, ಕಡಲು ಹಾರುತ್ತಿಲ್ಲ. ಷಟ್ಕೋನದ ನಡುವೆ ಪದ್ಮಾಸನ ಹಾಕಿ ಧ್ಯಾನಕ್ಕೆ ಕೂತಿದ್ದಾನೆ. ಸುತ್ತಲೂ ಒಂದರ ಬಾಲ ಒಂದು ಹಿಡಿದ ಕಪಿಗಳ ಬಳ್ಳಿ. ಈ ಮೂರ್ತಿಯನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರು ಎಂಬುದು ಸಂಪ್ರದಾಯದ ಮಾತು.

ಕೃಷ್ಣದೇವರಾಯ ಗುರುವೆಂದು ಗೌರವಿಸಿದ ಈ ಯತಿ 1539ರಲ್ಲಿ ಬೃಂದಾವನಸ್ಥರಾದರು. ಅವರ ಹೊತ್ತಿಗೆ ಗೌತಮನ ನ್ಯಾಯ, ಕಣಾದನ ವೈಶೇಷಿಕಗಳಿಗೆ ಸಾವಿರ ವರ್ಷ ಮೀರಿತ್ತು. ಮಿಥಿಲೆಯ ಗಂಗೇಶ ತರ್ಕಕ್ಕೆ ಹೊಸ ಸಾಣೆ ಹಿಡಿದಿದ್ದ. ಅದನ್ನೆಲ್ಲ ಅರಗಿಸಿಕೊಂಡ ವ್ಯಾಸರಾಯರು 'ನ್ಯಾಯಾಮೃತ'ದಲ್ಲಿ ಜಗತ್ತು ಮಿಥ್ಯೆಯೆಂಬ ಅದ್ವೈತದ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಖಂಡಿಸಿದರು. 'ತರ್ಕತಾಂಡವ'ದಲ್ಲಿ ನೈಯಾಯಿಕರನ್ನೂ ಬಿಡಲಿಲ್ಲ. 'ನ್ಯಾಯಾಮೃತ'ಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿ 'ಅದ್ವೈತಸಿದ್ಧಿ'ಯನ್ನೇ ಬರೆಯಬೇಕಾಯಿತು.

ನಂಬಿಕೆ ಹೀಗೆ ಹಳೆಯ ದರ್ಶನದ ಹತ್ಯಾರ ಹಿಡಿದದ್ದು ಇಲ್ಲಿ ಮಾತ್ರವಲ್ಲ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಒರಿಜೆನ್ ಕ್ರೈಸ್ತಧರ್ಮದ ಮೊದಲ ಶತಮಾನಗಳಲ್ಲೇ ಪ್ಲೇಟೊವನ್ನು ಓದಿಕೊಂಡು ಬೈಬಲ್ ವ್ಯಾಖ್ಯಾನಕ್ಕೆ ಕೂತರು. ದೇವರು ದೇಹವಿಲ್ಲದವನೆಂದು ಗ್ರಹಿಸಲು ಸಂತ ಅಗಸ್ಟೀನನಿಗೆ ದಾರಿ ತೋರಿದ್ದೂ ಪ್ಲೇಟೊವಾದಿಗಳ ಗ್ರಂಥಗಳೇ.

ಬಿಸಿಲು ಏರುತ್ತಿದೆ. ಬಂಡೆಗಳ ಸಂದಿನ ದಾರಿಯಲ್ಲಿ ವಿಜಯವಿಠ್ಠಲ ದೇವಾಲಯದತ್ತ ನಡೆದು ಹೊಳೆಗೆ ಇಳಿಯುತ್ತೀರಿ. ಪುರಂದರ ಮಂಟಪದಲ್ಲಿ ಗೋಡೆಗಳಿಲ್ಲ, ಕಂಬಗಳಷ್ಟೇ. ಕಲ್ಲಿಗೆ ಕೈಯಿಟ್ಟರೆ ಇನ್ನೂ ತಂಪು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಈ ಮಂಟಪ ಮುಳುಗುತ್ತದೆ. ಪುಷ್ಯ ಬಹುಳ ಅಮಾವಾಸ್ಯೆಯಂದು ಪುರಂದರದಾಸರ ಆರಾಧನೆಗೆ ಇಲ್ಲೇ ದಾಸರ ಪದಗಳು ಕೇಳುತ್ತವೆ.

ಮಠದ ಸಂಸ್ಕೃತ ವಾದ ಕನ್ನಡದ ಹಾಡಾದ ಬಗೆ ಇಲ್ಲಿ ನಿಮಗೆ ಹೊಳೆಯುತ್ತದೆ. ಜಗತ್ತು ಸತ್ಯ, ಜೀವ ಬೇರೆ ದೇವರು ಬೇರೆ, ಹರಿಯೊಬ್ಬನೇ ಸ್ವತಂತ್ರ: ಗುರು ವ್ಯಾಸರಾಯರು ಗ್ರಂಥದಲ್ಲಿ ಸಾಧಿಸಿದ್ದು ಇದು. ಶಿಷ್ಯ ಪುರಂದರದಾಸರು ಇದನ್ನೇ ತಂಬೂರಿಗೆ ಹೊಂದಿಸಿದರು. ಜಗತ್ತು ಸತ್ಯವಾದ್ದರಿಂದಲೇ ರಾಗಿ, ಕಲ್ಲುಸಕ್ಕರೆ, ಸಂತೆ, ಸಂಸಾರದ ಜಂಜಾಟಗಳಿಗೆ ಅವರ ಪದಗಳಲ್ಲಿ ಅಷ್ಟು ಜಾಗ. ಜೀವ ಪರತಂತ್ರವಾದ್ದರಿಂದಲೇ ಅಲ್ಲಿ ಅಷ್ಟು ಮೊರೆ, ಅಷ್ಟು ಜಗಳ.

ಮಧ್ಯಾಹ್ನದ ಹೊತ್ತಿಗೆ ಹೊಳೆ ದಾಟಿ ಆನೆಗೊಂದಿ ಕಡೆಯ ದಂಡೆಯಲ್ಲಿದ್ದೀರಿ. "ನಡುವೆ ಕುಂದರ್ರಿ, ಅಲ್ಲಾಡಬ್ಯಾಡ್ರಿ" ಎನ್ನುತ್ತಾನೆ ದೋಣಿಯವನು. ನಡುಗಡ್ಡೆಯ ನವಬೃಂದಾವನದಲ್ಲಿ ಒಂಬತ್ತು ಯತಿಗಳು; ದ್ವೈತ ಮತದ ಮೂಲಗುರು ಮಧ್ವರ ನೇರ ಶಿಷ್ಯ ಪದ್ಮನಾಭತೀರ್ಥರೂ ಇಲ್ಲಿದ್ದಾರೆ, ಮಧ್ಯದಲ್ಲಿ ವ್ಯಾಸರಾಯರು. ನಿಧಿಯಾಸೆಗೆ ಬಿದ್ದ ಕಳ್ಳರು 2019ರ ಜುಲೈನಲ್ಲಿ ವ್ಯಾಸರಾಯರ ಬೃಂದಾವನವನ್ನೇ ಕಿತ್ತುಹಾಕಿದ್ದರು. ಭಕ್ತರು ಕೂಡಲೇ ಸೇರಿ ಮತ್ತೆ ಕಟ್ಟಿದರು.

ದಾಸರ ಪದಗಳನ್ನು ಬರೀ ಭಾವಾವೇಶವೆಂದು ಕೇಳುವವರಿಗೆ ಅವು ಅರ್ಧವಷ್ಟೇ ದಕ್ಕುತ್ತವೆ. ಮಕ್ಕಳಿಗೆ ಪದ ಕಲಿಸುವ ಮನೆಗಳು ಅದರ ಹಿಂದಿನ ವಾದವನ್ನೂ ನಾಲ್ಕು ಮಾತಿನಲ್ಲಿ ಕಲಿಸಲಿ.