ಅತ್ತೆ ಕೊಟ್ಟ ಉಂಗುರ

ವರ್ತೂರು ಕೆರೆಯ ಕೆಳಗೆ ಒಂದು ಕಾಲಕ್ಕೆ ಭತ್ತದ ಗದ್ದೆಗಳಿದ್ದುವೆಂದರೆ, ಇಂದು ಆ ರಸ್ತೆಯ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಕುಳಿತವರು ನಂಬಲಾರರು. ಬೆಳ್ಳಂದೂರು ಕೆರೆಯ ಕೋಡಿ ಹರಿದ ನೀರು ಇಲ್ಲಿಗೆ ಬಂದು ನಿಂತು, ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನೀರಿನಲ್ಲಿ ಬೆಳೆದ ಭತ್ತವನ್ನು ಮಾರಿ, ಸೊಸೆ ಮನೆ ತುಂಬಿದ ವರ್ಷವೇ ಅತ್ತೆಯೊಬ್ಬರು ಒಂದು ಉಂಗುರವನ್ನು ಮಾಡಿಸಿದರು. ನಡುವೆ ಒಂದು ಕೆಂಪು ಹರಳು. ತೂಕ ಅರ್ಧ ತೊಲಕ್ಕೂ ಕಡಮೆ.

ಆ ಸೊಸೆಗೆ ಈಗ 68 ವರ್ಷ. ಅತ್ತೆ ಇಲ್ಲ, ಗದ್ದೆಯೂ ಇಲ್ಲ. ಗದ್ದೆ ಇದ್ದಲ್ಲಿ ಹತ್ತು ಅಂತಸ್ತಿನ ಕಟ್ಟಡ ಎದ್ದಿದೆ. 2015ರಲ್ಲಿ ಕೆರೆಯ ವಿಷದ ನೊರೆ ಗಾಳಿಗೆ ಹಾರಿ ರಸ್ತೆಯ ಮೇಲೆ ಹತ್ತಿಯಂತೆ ಬಿದ್ದಾಗ, ನೋಡಲು ಬಂದವರ ನಡುವೆ ಆ ತಾಯಿಯೂ ನಿಂತಿದ್ದರು. ಮನೆಗೆ ಬಂದವರು ಉಂಗುರವನ್ನು ಸೆರಗಿನಿಂದ ಒರಸಿ, “ಒಳ್ಳೆಯ ನೀರು ಇನ್ನು ಇದರಲ್ಲಿ ಮಾತ್ರ ಉಳಿಯಿತು” ಎಂದರು.

ಇಂಥ ಉಂಗುರ ಸಮುದ್ರದ ಪಾಲಾಯಿತು. ಅದೂ ಊರಿನಿಂದ ಅರ್ಧ ಭೂಮಂಡಲ ದಾಟಿದ ಮೇಲೆ.

ಮಗಳು ಅಳಿಯ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿದ್ದಾರೆ. ಜೂನ್ ತಿಂಗಳ ಒಂದು ಭಾನುವಾರ ಎಲ್ಲರೂ ಅಲ್ಲಿನ ಸ್ಪ್ಯಾನಿಷ್ ಬ್ಯಾಂಕ್ಸ್ ಎಂಬ ಕಡಲ ತೀರಕ್ಕೆ ಹೋದರು. ಆ ತೀರದ ಸೊಗಸೇ ಬೇರೆ. ಏರಿಳಿತ 4 ಮೀಟರಿಗೂ ಮಿಕ್ಕುವುದುಂಟು. ಬೇಸಗೆಯಲ್ಲಿ ದೊಡ್ಡ ಇಳಿತ ಹಗಲು ಹೊತ್ತಿನಲ್ಲಿಯೇ ಬರುವುದರಿಂದ, ಸಮುದ್ರ ಬಹುದೂರ ಹಿಂದಕ್ಕೆ ಸರಿದು ಮರಳ ಬಯಲು ಹಾಸಿಕೊಳ್ಳುತ್ತದೆ. ಆಕೆ ಸೀರೆಯನ್ನು ಎತ್ತಿ ಕಟ್ಟಿ ಆ ಬಯಲನ್ನು ದಾಟಿ ಹೋಗಿ, ಬೊಗಸೆಯಲ್ಲಿ ನೀರೆತ್ತಿ ಸೂರ್ಯನಿಗೆ ಅರ್ಘ್ಯ ಬಿಟ್ಟರು. ನೀರು ಕೊರೆಯುವಷ್ಟು ತಣ್ಣಗಿತ್ತು. ಚಳಿಗೆ ಬೆರಳು ಸಣ್ಣಗಾಗುತ್ತದೆ. ವಯಸ್ಸಾದ ಬೆರಳಂತೂ ಮೊದಲೇ ಸಣ್ಣದು.

ಸಂಜೆ ಚಪಾತಿಯ ಹಿಟ್ಟು ನಾದುವಾಗ ನೋಡಿಕೊಂಡರೆ ಬೆರಳು ಬರಿದಾಗಿತ್ತು.

ಆಕೆ ಯಾರಿಗೂ ಹೇಳಲಿಲ್ಲ. ಮಗಳು ಮನಸ್ಸು ಕೆಡಿಸಿಕೊಂಡಾಳು, ಅಳಿಯ ರಜೆ ಹಾಕಿ ಹಣ ಖರ್ಚು ಮಾಡಿಯಾನು ಎಂಬ ಸಂಕೋಚ. ಎರಡು ದಿನ ಸೆರಗಿನಲ್ಲಿ ಕೈ ಮರೆಸಿಕೊಂಡೇ ಬಡಿಸಿದರು. ಮೂರನೆಯ ದಿನ ಯಜಮಾನರು ಊಟದ ನಡುವೆ ತಲೆಯೆತ್ತಿ ಕೇಳಿದರು:

“ಉಂಗುರ ಎಲ್ಲೇ?”

“ತೆಗೆದಿಟ್ಟಿದ್ದೇನೆ” ಎನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು.

“ಮೊದಲೇ ಹೇಳಬಾರದಾಗಿತ್ತೆ? ಎಂಥ ಕೆಲಸ ಮಾಡಿದೆ!”

“ಗದ್ದೆಗೆ ಮುಂಗಡ ಇಸಕೊಂಡ ದಿನ ನೀವು ಹೇಳಿದಿರಾ? ಮೂರು ದಿನವಾದ ಮೇಲೆ ಅಲ್ಲವೇ ನನಗೆ ತಿಳಿದದ್ದು?”

ಯಜಮಾನರು ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಯಾವ ಅರ್ಜಿಗೂ ಉತ್ತರ ಬರೆಯಬಲ್ಲವರು. ಆ ಮಾತಿಗೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ. ಎದ್ದು ಕೈ ತೊಳೆದುಕೊಂಡರು.

ಅಳಿಯನಿಗೆ ಸುದ್ದಿ ತಿಳಿದೊಡನೆ ಆತ ಒಂದು ಉಪಾಯ ಹೇಳಿದ. ಕಳೆದ ಒಡವೆಗಳನ್ನು ಲೋಹಶೋಧಕ ಯಂತ್ರದಿಂದ ಹುಡುಕಿಕೊಡುವವರ ಕೂಟವೊಂದಿದೆ. ಅದರ ಹೆಸರು ‘ದಿ ರಿಂಗ್ ಫೈಂಡರ್ಸ್’. ಆರಂಭಿಸಿದವರು ವ್ಯಾಂಕೂವರಿನವರೇ ಆದ ಕ್ರಿಸ್ ಟರ್ನರ್. ಇಂದು ಹಲವು ದೇಶಗಳಲ್ಲಿ ಅದರ ಸದಸ್ಯರಿದ್ದಾರೆ. ಅವರಲ್ಲಿ ಅನೇಕರು ಸಂಬಳ ಗೊತ್ತುಮಾಡುವುದಿಲ್ಲ. ಒಡವೆ ಸಿಕ್ಕಿದರೆ ಕಳೆದುಕೊಂಡವರು ಮನಸ್ಸಿಗೆ ಬಂದಷ್ಟು ಕೊಡಬೇಕು. ಹೀಗೆಯೇ ಅದೇ ಹವ್ಯಾಸದ ಮುದುಕನೊಬ್ಬ ಮರುದಿನ ಇಳಿತದ ಹೊತ್ತಿಗೆ ತೀರಕ್ಕೆ ಬಂದ. ಮೊದಲಿನ ಕಸುಬು ಬಡಗಿಯದು. ಹೆಗಲಲ್ಲಿ ತಟ್ಟೆಯಾಕಾರದ ಸುರುಳಿ ಕಟ್ಟಿದ ಕೋಲು, ಕಿವಿಗೆ ಹೆಡ್‌ಫೋನು, ಕೈಯಲ್ಲಿ ತೂತುಗಳ ಸಲಿಕೆ.

ಯಂತ್ರದ ಮರ್ಮವನ್ನು ಯಜಮಾನರು ಕೇಳಿ ತಿಳಿದುಕೊಂಡರು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಮರಳಿನೊಳಗಿನ ಲೋಹವನ್ನು ತಾಕಿದರೆ, ಲೋಹದಲ್ಲಿಯೂ ಸಣ್ಣ ಪ್ರವಾಹ ಎದ್ದು ಮರುದನಿ ಕೊಡುತ್ತದೆ. ಸಮುದ್ರ ತೀರದಲ್ಲಿ ಒಂದು ತೊಡಕು: ಉಪ್ಪುನೀರು ಕುಡಿದ ಮರಳೇ ವಿದ್ಯುತ್ತನ್ನು ಒಯ್ಯುವುದರಿಂದ ಸುಳ್ಳು ದನಿಗಳು ಬಹಳ. ಅದಕ್ಕೆಂದೇ ಬಿಟ್ಟು ಬಿಟ್ಟು ಮಿಡಿಯುವ ಬೇರೆ ಬಗೆಯ ಯಂತ್ರ ಬೇಕು. ಅದೂ ಉಂಗುರದಷ್ಟು ಸಣ್ಣ ವಸ್ತುವನ್ನು ಸುಮಾರು ಒಂದು ಗೇಣು ಆಳದವರೆಗೆ ಕೇಳೀತು. ಚಿನ್ನವಾದರೋ ಮರಳಿಗಿಂತ ಸುಮಾರು ಏಳು ಪಟ್ಟು ಭಾರ. ಅಲೆ ಬಂದು ಮರಳನ್ನು ಕದಡಿದಷ್ಟೂ ಅದು ಕೆಳಕ್ಕೆ ಇಳಿಯುತ್ತಲೇ ಹೋಗುತ್ತದೆ. “ಎರಡು ದಿನ ಮೊದಲೇ ಕರೆಯಬೇಕಾಗಿತ್ತು” ಎಂದು ಮುದುಕ ಹೇಳಿದಾಗ ಮಗಳು ಆ ಮಾತನ್ನು ತಾಯಿಗೆ ತಿಳಿಸಲಿಲ್ಲ. ತಾಯಿ ಅವನ ಮುಖ ನೋಡಿಯೇ ತಿಳಿದುಕೊಂಡರು.

ನೀರಿನಂಚಿನಲ್ಲಿ ಹಗ್ಗ ಹಿಡಿದು ಗೆರೆ ಎಳೆದು, ಉಳುವವನು ಸಾಲು ಹಿಡಿಯುವಂತೆ ಮುದುಕ ಹೋದ, ಬಂದ. ದನಿಯಾದಲ್ಲೆಲ್ಲ ಸಲಿಕೆ ಇಳಿಯಿತು. ಶೀಸೆಯ ಮುಚ್ಚಳ, ತಗಡಿನ ಚೂರು, ತುಕ್ಕು ತಿಂದ ಮೊಳೆ, ಎರಡು ನಾಣ್ಯ. ತೆಳು ತಗಡಿಗೂ ಸಣ್ಣ ಚಿನ್ನದುಂಗುರಕ್ಕೂ ಯಂತ್ರ ಕೊಡುವ ದನಿ ಹೆಚ್ಚು ಕಡಮೆ ಒಂದೇ; ಆದ್ದರಿಂದ ಕಸವನ್ನೆಲ್ಲ ಅಗೆಯದೆ ಚಿನ್ನವಿಲ್ಲ.

ನೋಡುತ್ತ ನಿಂತ ಯಜಮಾನರಿಗೆ ನಮ್ಮ ನಾಡಿನ ಜಲಗಾರರ ನೆನಪಾಯಿತು. ಗದಗಿನ ಬಳಿಯ ಕಪ್ಪತಗುಡ್ಡದ ಹಳ್ಳಗಳಲ್ಲಿ 19ನೆಯ ಶತಮಾನದಲ್ಲಿಯೂ ಅವರು ಮಳೆಗಾಲ ಮುಗಿದೊಡನೆ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ವರ್ತೂರಿನಿಂದ ಮೂಡಣಕ್ಕೆ ಒಂದೆರಡು ಗಂಟೆಯ ದಾರಿಯಲ್ಲಿರುವ ಕೋಲಾರದ ಸೀಮೆಗೆ 1802ರಲ್ಲಿ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇನಾಮು ಸಾರಿದಾಗ, ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನ ಕಣ್ಣೆದುರಿನಲ್ಲೇ ತೊಳೆದು ಚಿನ್ನ ತೋರಿಸಿದರಂತೆ. ಆಮೇಲೆ ಅಲ್ಲಿ ಗಣಿಗಳೆದ್ದು, 2001ರಲ್ಲಿ ಮುಚ್ಚಿಯೂ ಹೋದುವು.

ಮೂರು ಗಂಟೆ ಕಳೆದ ಮೇಲೆ ಸಲಿಕೆಯಲ್ಲಿ ಹಳದಿಯ ಹೊಳಪು ಕಂಡಿತು. ಆಕೆ ಓಡಿ ಬಂದರು. ಅದು ಅವರದಲ್ಲ. ಹರಳಿಲ್ಲದ ನುಣುಪು ಉಂಗುರ. ಒಳಗಡೆ ಒಂದು ತಾರೀಖು ಕೊರೆದಿತ್ತು, ಯಾರದೋ ಮದುವೆಯದಿರಬೇಕು.

“ನಮ್ಮಲ್ಲಿ 1878ರ ನಿಧಿ ಕಾಯಿದೆ ಇದೆ. ಭೂಮಿಯಲ್ಲಿ ಹುದುಗಿದ್ದು ಹತ್ತು ರೂಪಾಯಿಗೆ ಮೀರಿದ ಬೆಲೆಯದು ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು” ಎಂದು ಯಜಮಾನರು ಅಳಿಯನ ಮೂಲಕ ಹೇಳಿಸಿದರು. ಮುದುಕ ನಕ್ಕು, ತಾನೂ ಪೋಲೀಸರಿಗೆ ತಿಳಿಸಿ ಒಡೆಯರನ್ನು ಹುಡುಕುವುದಾಗಿ ಹೇಳಿದ. ಆಕೆ ಮಾತ್ರ ಆ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು, “ಇವಳೂ ಹಿಟ್ಟು ನಾದುವಾಗ ಅತ್ತಿರಬೇಕು. ಮರೆಯದೆ ತಲುಪಿಸಲಿ” ಎಂದರು.

ಅಷ್ಟರಲ್ಲಿ ಕಡಲು ಏರತೊಡಗಿತು. ಆ ದಿನದ ಕೆಲಸ ಮುಗಿಯಿತು.

ಹಿಂದಿರುಗುವಾಗ ಮುದುಕ ಒಂದು ಹಳೆಯ ಕಥೆ ಹೇಳಿದ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದಾಗ, ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಒಂದು ಯಂತ್ರ ರಚಿಸಿ ಗುಂಡನ್ನು ಹುಡುಕಲು ಹೋದರು. ಹಾಸಿಗೆಯ ಕೆಳಗಿನ ಲೋಹದ ಸ್ಪ್ರಿಂಗುಗಳು ದನಿಯನ್ನು ಕೆಡಿಸಿದುವು. ಅದಕ್ಕೂ ಮಿಗಿಲಾಗಿ, ಗುಂಡು ಬಲಗಡೆ ಇದೆಯೆಂದು ನಂಬಿದ ವೈದ್ಯರು ಆ ಕಡೆಯನ್ನು ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. “ಯಂತ್ರ ನೀವು ತೋರಿಸಿದ ಜಾಗವನ್ನು ಮಾತ್ರ ಹುಡುಕುತ್ತದೆ” ಎಂದು ಆತ ಮುಗಿಸಿದ.

ಆ ಮಾತು ಮಗಳ ಮನಸ್ಸಿನಲ್ಲಿ ಕೊರೆಯಿತು. ರಾತ್ರಿ ಭಾನುವಾರದ ಚಿತ್ರಗಳನ್ನೆಲ್ಲ ತೆಗೆದು ನೋಡಿದಳು. ಒಂದರಲ್ಲಿ ತಾಯಿ ಅರ್ಘ್ಯ ಬಿಟ್ಟು ಹಿಂದಿರುಗುತ್ತಿದ್ದಾರೆ. ಬೆರಳಿನಲ್ಲಿ ಕೆಂಪು ಹರಳು ಸ್ಪಷ್ಟವಾಗಿ ಕಾಣುತ್ತಿದೆ! ಮುಂದಿನದರಲ್ಲಿ ಆ ತೀರದುದ್ದಕ್ಕೂ ಕೂರಲೆಂದು ಇಟ್ಟಿರುವ ಮರದ ದಿಮ್ಮಿಗಳಲ್ಲಿ ಒಂದರ ಬಳಿ ಕುಳಿತು, ಮೊಮ್ಮಗನ ಕಾಲಿನ ಒದ್ದೆ ಮರಳನ್ನು ಉಜ್ಜಿ ತೆಗೆಯುತ್ತಿದ್ದಾರೆ. ಅದರ ನಂತರದ ಚಿತ್ರದಲ್ಲಿ ಬೆರಳು ಬರಿದು.

ಸಮುದ್ರ ಏನನ್ನೂ ಕೊಂಡೊಯ್ದಿರಲಿಲ್ಲ. ಮರುದಿನ ಆ ದಿಮ್ಮಿಯ ಬುಡದಲ್ಲಿ, ಅಲೆ ಮುಟ್ಟದ ಒಣಮರಳಿನಲ್ಲಿ, ನಾಲ್ಕು ಬೆರಳು ಆಳದಿಂದ ಉಂಗುರ ಮೇಲೆ ಬಂತು. ಹುಡುಕಲು ಹಿಡಿದದ್ದು ಕಾಲು ಗಂಟೆಯೂ ಇಲ್ಲ. ಅಳಿಯ ಕೊಟ್ಟ ಹಣದಲ್ಲಿ ಮುದುಕ ಪೆಟ್ರೋಲಿಗಾಗುವಷ್ಟನ್ನು ಮಾತ್ರ ಇಟ್ಟುಕೊಂಡು, ಆಕೆ ಕೊಟ್ಟ ರವೆ ಉಂಡೆಯ ಡಬ್ಬಿಯನ್ನು ಮಾತ್ರ ಪೂರ್ತಿಯಾಗಿ ಒಯ್ದ.

ಆಕೆ ಉಂಗುರವನ್ನು ಬೆರಳಿಗೆ ಹಾಕಿಕೊಳ್ಳಲಿಲ್ಲ. ತಾಳಿಯ ಸರಕ್ಕೆ ಪೋಣಿಸಿಕೊಂಡರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಮುದ್ರದ ಕಡೆ ನೋಡುತ್ತಲೇ ಹೇಳಿದರು:

“ಆವತ್ತು ನಿನಗೆ ಹೇಳಬೇಕಾಗಿತ್ತು ಕಣೇ. ಮುಂಗಡದ ಮಾತು.”

“ಬಿಡಿ, ಈಗ ಹೇಳಿದಿರಲ್ಲ. ನಾನೂ ಎರಡು ದಿನ ಹೇಳಲಿಲ್ಲ” ಎಂದು ಆಕೆ ಸೆರಗು ಕೊಡವಿಕೊಂಡು ಎದ್ದರು.