ಸ್ಟಾಕ್‌ಹೋಮಿನ ಗರಡಿಮನೆ

ಸ್ಟಾಕ್‌ಹೋಮ್ ನಗರದ ಭೂಗತ ರೈಲಿನಲ್ಲಿ ಹೋಗಿ ‘ಸ್ಟಾಡಿಯೋನ್’ ಎಂಬ ನಿಲ್ದಾಣದಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಒಂದು ಕಾಮನಬಿಲ್ಲು. ಬಂಡೆಯನ್ನು ಕೊರೆದು ನಿರ್ಮಿಸಿ, 1973ರಲ್ಲಿ ತೆರೆದ ಈ ಗುಹೆಗೆ ಆಕಾಶದ ನೀಲಿಯನ್ನು ಬಳಿದು ಅದರ ಮೇಲೆ ಬಣ್ಣಬಣ್ಣದ ಕಮಾನನ್ನು ಚಿತ್ರಿಸಿದ್ದಾರೆ. ಮೇಲೇರಿ ಸ್ವಲ್ಪ ದೂರ ನಡೆದರೆ 1912ರ ಒಲಿಂಪಿಕ್ ಕ್ರೀಡಾಂಗಣ ಸಿಗುತ್ತದೆ. ಶಿಲ್ಪಿ ಟೋರ್ಬೆನ್ ಗ್ರೂಟ್ ಕಟ್ಟಿಸಿದ ಆ ಇಟ್ಟಿಗೆಯ ರಚನೆ ಗೋಪುರಗಳಿಂದ ಕೂಡಿ, ಹಳೆಯ ಕೋಟೆಯೊಂದರ ಹಾಗೆ ಕಾಣುತ್ತದೆ. ಪ್ರವಾಸಿಗಳು ಅಲ್ಲಿ ಚಿತ್ರ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಮಗ್ಗುಲಲ್ಲಿಯೇ ಇರುವ ವಿದ್ಯಾಲಯದತ್ತ ತಿರುಗಿ ನೋಡುವವರು ವಿರಳ. ನನಗೆ ಕ್ರೀಡಾಂಗಣಕ್ಕಿಂತಲೂ ಈ ವಿದ್ಯಾಲಯವೇ ದೊಡ್ಡ ಯಾತ್ರಾಸ್ಥಳವೆಂದು ತೋರುತ್ತದೆ.

ಇದು ವ್ಯಾಯಾಮ ಮತ್ತು ಕ್ರೀಡೆಗಳ ಉನ್ನತ ವಿದ್ಯಾಲಯ. ಸ್ಥಾಪನೆಯಾದದ್ದು 1813ರಲ್ಲಿ, ಊರಿನ ಬೇರೊಂದು ಭಾಗದಲ್ಲಿ. ವ್ಯಾಯಾಮ ಶಿಕ್ಷಕರನ್ನು ಸಿದ್ಧಪಡಿಸುವ ವಿದ್ಯಾಲಯಗಳಲ್ಲಿ ಜಗತ್ತಿಗೇ ಹಿರಿಯದೆಂಬ ಹೆಸರು ಇದಕ್ಕಿದೆ. ಇದರ ಮೂಲಪುರುಷ ಪೆರ್ ಹೆನ್ರಿಕ್ ಲಿಂಗ್. 1776ರಲ್ಲಿ ಹುಟ್ಟಿದ ಈತ ಕವಿ, ಕತ್ತಿವರಸೆಯಲ್ಲಿಯೂ ನಿಪುಣ. ಕೋಪನ್‌ಹೇಗನ್ನಿನಲ್ಲಿ ನಾಖ್ಟೆಗಾಲನ ವ್ಯಾಯಾಮಶಾಲೆಯನ್ನು ಕಂಡು, 1805ರಲ್ಲಿ ಲುಂಡ್ ವಿಶ್ವವಿದ್ಯಾಲಯಕ್ಕೆ ಕತ್ತಿವರಸೆಯ ಗುರುವಾಗಿ ಬಂದನು. ಪಟ್ಟಿನ ಗುರು ಅಷ್ಟಕ್ಕೇ ತೃಪ್ತನಾಗಲಿಲ್ಲ. ಅಂಗರಚನಾಶಾಸ್ತ್ರವನ್ನು ತಾನೂ ಅಭ್ಯಾಸಮಾಡಿದನು. ಕತ್ತಿ ಬೀಸುವ ತೋಳಿನೊಳಗೆ ಯಾವ ಸ್ನಾಯು ಯಾವುದನ್ನು ಎಳೆಯುತ್ತದೆ ಎಂಬುದನ್ನು ತಿಳಿಯುವ ಹಂಬಲ ಅವನದು.

ಸಂಸ್ಥೆ ತೆರೆಯಲು ಈತ ಸರ್ಕಾರದ ನೆರವು ಬೇಡಿದಾಗ, ದೇಶದಲ್ಲಿ ಈಗಾಗಲೇ ಹಗ್ಗದ ಮೇಲೆ ಕುಣಿಯುವವರು ಸಾಕಷ್ಟು ಜನರಿದ್ದಾರೆ, ಅವರ ಭಾರವನ್ನು ಬೊಕ್ಕಸದ ಮೇಲೆ ಹೊರಿಸುವುದು ಬೇಡ ಎಂದು ಮಂತ್ರಿಯೊಬ್ಬನು ತಳ್ಳಿಹಾಕಿದನೆಂದು ಕಥೆಯೊಂದಿದೆ. ಓದಿದಾಗ ನಮ್ಮ ಊರುಗಳ ದೊಂಬರಾಟ ನೆನಪಿಗೆ ಬರುತ್ತದೆ. ಗಳದ ತುದಿಯಲ್ಲಿ ತಿರುಗುವ ಆ ಮಗು ಯಾವ ಗ್ರಂಥವನ್ನೂ ಓದಿಲ್ಲ; ತಂದೆಯ ಕೈ, ತಾಯಿಯ ಕಣ್ಣು, ಮೂರು ವರ್ಷದಿಂದ ಮೊದಲಾದ ಸಾಧನೆ, ಇವೇ ಅದರ ಶಾಸ್ತ್ರ. ಆ ವಿದ್ಯೆಯನ್ನು ಹಗುರವಾಗಿ ಕಾಣುವುದು ಮಂತ್ರಿಯ ಅಜ್ಞಾನವೇ ಸರಿ. ಆದರೆ ಅದು ಮನೆಯಿಂದ ಮನೆಗೆ ಹರಿಯುವ ವಿದ್ಯೆ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳು, ನಲವತ್ತು ಬಗೆಯ ಬೆನ್ನುಮೂಳೆ, ಗುರುವಿಗೋ ವಾರಕ್ಕೆ ಎರಡೇ ಗಂಟೆ: ಆಗ ಕೈಗೆ ತಿಳಿದದ್ದನ್ನು ಬುದ್ಧಿಯೂ ತಿಳಿಯಬೇಕಾಗುತ್ತದೆ. ಲಿಂಗ್ ಮಾಡಿದ ಕೆಲಸ ಇದೇ. ವ್ಯಾಯಾಮವನ್ನು ಕಲಿಸುವವನಿಗೆ ಶರೀರದ ರಚನೆ ತಿಳಿದಿರಬೇಕು ಎಂಬುದನ್ನು ವಿದ್ಯಾಲಯದ ನಿಯಮವನ್ನಾಗಿ ಮಾಡಿದನು. ತನ್ನ ತತ್ತ್ವಗ್ರಂಥವನ್ನು ಅವನು ಅವಸರದಿಂದ ಬರೆಯಲಿಲ್ಲ. 1839ರಲ್ಲಿ ಅವನು ತೀರಿಕೊಂಡ ಮೇಲೆ, 1840ರಲ್ಲಿ ಶಿಷ್ಯರು ಅದನ್ನು ಪೂರ್ತಿಗೊಳಿಸಿ ಪ್ರಕಟಿಸಿದರು.

ಮುಂದೆ ನಡೆದದ್ದು ಸ್ವಲ್ಪ ವಿಷಾದದ ಸಂಗತಿ. ಲಿಂಗನ ಮಗ ಯಾಲ್ಮಾರ್ ಬಹಳ ಶ್ರದ್ಧಾವಂತ. ಯಾವ ಚಲನೆಯ ತರುವಾಯ ಯಾವುದು ಬರಬೇಕೆಂದು ವಯಸ್ಸಿಗೆ ತಕ್ಕಂತೆ ಕೋಷ್ಟಕಗಳನ್ನು ರಚಿಸಿದನು. ಕೋಷ್ಟಕ ಕೈಯಲ್ಲಿದ್ದರೆ ಪಾಠ ಸುಲಭ. ಮಗುವನ್ನು ನೋಡಬೇಕಾದ ಅಗತ್ಯವಿಲ್ಲ! ಸಾಲಾಗಿ ನಿಲ್ಲಿಸಿ, ಅಪ್ಪಣೆ ಕೊಟ್ಟು, ಕೈಕಾಲುಗಳನ್ನು ಎತ್ತಿಸುವ ಈ ಪದ್ಧತಿ ಯೂರೋಪಿನಲ್ಲೆಲ್ಲ ಹರಡಿತು. ಇದೇ ವಿದ್ಯಾಲಯದಲ್ಲಿ ಕಲಿತ ಮಾರ್ಟಿನಾ ಬೆರ್ಗ್‌ಮನ್ 1881ರಲ್ಲಿ ಅದನ್ನು ಲಂಡನ್ನಿನ ಶಾಲೆಗಳಿಗೆ ಕೊಂಡೊಯ್ದಳು. ಆಂಗ್ಲರ ಆಳ್ವಿಕೆಯ ಶಾಲೆಗಳ ಮೂಲಕ ಅದರ ಛಾಯೆ ನಮ್ಮವರೆಗೂ ಬಂದಿತು. ನಮ್ಮ ಡ್ರಿಲ್ ಮೇಷ್ಟರ ಅಪ್ಪಣೆಗಳಲ್ಲಿ ಲಿಂಗನ ಧ್ವನಿ ಸ್ವಲ್ಪ ಇತ್ತು. ಅಂಗರಚನಾಶಾಸ್ತ್ರ ಮಾತ್ರ ಸಮುದ್ರ ದಾಟಲಿಲ್ಲ. 1912ರಲ್ಲಿ ಸ್ಟಾಕ್‌ಹೋಮಿನಲ್ಲಿಯೇ ಸ್ವೀಡಿಷ್ ಪದ್ಧತಿಯ ತಂಡಸ್ಪರ್ಧೆ ಏರ್ಪಟ್ಟಾಗ ಸ್ಪರ್ಧಿಸಿದ್ದು ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಮೂರೇ ದೇಶಗಳು. ಗೆದ್ದದ್ದು ಸ್ವೀಡನ್ ಎಂದು ಬೇರೆ ಹೇಳಬೇಕಾಗಿಲ್ಲ.

ಗಟ್ಟಿಯಾಗಿ ಕುಳಿತ ತತ್ತ್ವವನ್ನು ಅಲುಗಾಡಿಸಿದ್ದು ಪ್ರಯೋಗಶಾಲೆ. 1950ರ ದಶಕದಲ್ಲಿ ಇದೇ ವಿದ್ಯಾಲಯದಲ್ಲಿ ಪೆರ್-ಊಲೊಫ್ ಓಸ್ಟ್ರಾಂಡ್ ಎಂಬ ಶರೀರವಿಜ್ಞಾನಿ ವಿದ್ಯಾರ್ಥಿಗಳನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿ, ಉಸಿರನ್ನು ಅಳೆದು, ನಾಡಿಯನ್ನು ಎಣಿಸಿದನು. ಸಾಧಾರಣ ಶ್ರಮದ ಹೊತ್ತಿನ ನಾಡಿಬಡಿತದಿಂದಲೇ ಒಬ್ಬನ ಗರಿಷ್ಠ ಸಾಮರ್ಥ್ಯವನ್ನು ಅಂದಾಜುಮಾಡುವ ನಕ್ಷೆಯನ್ನು ಇರ್ಮಾ ರೀಮಿಂಗ್ ಜೊತೆಗೂಡಿ 1954ರಲ್ಲಿ ಪ್ರಕಟಿಸಿದನು. ನನಗೆ ಇದರಲ್ಲಿ ಹಿಡಿಸಿದ ಅಂಶವೊಂದಿದೆ: ವ್ಯಾಯಾಮ ಶಿಕ್ಷಕರಾಗಲು ಬಂದ ಯುವಕ ಯುವತಿಯರ ಬೆವರೇ ಆ ಪಾಠಕ್ಕೆ ಸಾಮಗ್ರಿ. ಓದುವ ಮೈಯೂ ಓದಿಸಿಕೊಳ್ಳುವ ಮೈಯೂ ಒಂದೇ.

ಇದರ ಬೆಲೆ ತಿಳಿಯಬೇಕಾದರೆ ಜಿಮ್ನಾಸ್ಟಿಕ್ಸ್ ಅಂಕಣದ ಹಾಸಿನ ಬಳಿ ನಿಲ್ಲಬೇಕು. ಹುಡುಗಿಯೊಬ್ಬಳು ಓಡಿಬಂದು ಗಾಳಿಯಲ್ಲಿ ಮುಂದಕ್ಕೆ ಲಾಗ ಹಾಕುತ್ತಾಳೆ ಎನ್ನೋಣ. ನೆಲ ಬಿಟ್ಟ ಮೇಲೆ ಮೈಗೆ ಹೊಸ ತಿರುಗು ಸಿಗುವುದಿಲ್ಲ. ನೆಲದಿಂದ ಪಡೆದುದಷ್ಟೇ ಅವಳ ಬಂಡವಾಳ. ಮಂಡಿಯನ್ನು ಎದೆಗೆ ಒತ್ತಿ ಮುದುಡಿದರೆ ವೇಗವಾಗಿ ತಿರುಗುತ್ತಾಳೆ, ಮೈ ಬಿಚ್ಚಿದರೆ ನಿಧಾನವಾಗುತ್ತಾಳೆ. ಹೊಸಬರು ಹೆದರಿ ಬೇಗನೆ ಮೈ ಬಿಚ್ಚುತ್ತಾರೆ. ತಿರುಗುವುದು ಅರ್ಧಕ್ಕೇ ಕುಂದಿ ಬೆನ್ನ ಮೇಲೆ ಬೀಳುತ್ತಾರೆ. ಕಾರಣವರಿಯದ ಗುರು ‘ಇನ್ನೂ ಎತ್ತರಕ್ಕೆ ಹಾರು’ ಎಂದು ಗದರಿಸುತ್ತಾನೆ. ಹುಡುಗಿ ಎತ್ತರಕ್ಕೆ ಹಾರಿ, ಇನ್ನೂ ಎತ್ತರದಿಂದ ಬೀಳುತ್ತಾಳೆ. ಕಾರಣ ಬಲ್ಲವನು ‘ಮಂಡಿ ಬಿಡಬೇಡ’ ಎನ್ನುತ್ತಾನೆ. ಆದರೆ ಪುಸ್ತಕದಿಂದ ಮಾತ್ರವೇ ಬಲ್ಲವನಿಂದಲೂ ಪ್ರಯೋಜನವಿಲ್ಲ. ಇಡೀ ಹಾರಾಟ ಒಂದು ಸೆಕೆಂಡೂ ಇರುವುದಿಲ್ಲ. ಸೂತ್ರವನ್ನು ನೆನೆಯುವಷ್ಟರಲ್ಲಿ ಹುಡುಗಿ ಹಾಸಿನ ಮೇಲಿರುತ್ತಾಳೆ. ಸೊಂಟದ ಬಳಿ ಚಾಚುವ ಕೈ ತಾನಾಗಿಯೇ ಹೋಗಬೇಕು. ಆ ಕೈಯನ್ನು ತಯಾರಿಸಲು ನೂರಾರು ಬಾರಿ ಪಕ್ಕದಲ್ಲಿ ನಿಂತು ಹಿಡಿದಿರಬೇಕು.

ನಮ್ಮ ವಿಶ್ವವಿದ್ಯಾಲಯಗಳ ಬಿ.ಪಿ.ಎಡ್. ತರಗತಿಗಳಲ್ಲಿಯೂ ಅಂಗರಚನಾಶಾಸ್ತ್ರವಿದೆ, ಜಿಮ್ನಾಸ್ಟಿಕ್ಸ್ ಕೂಡ ಇದೆ. ಒಂದಕ್ಕೆ ಬರವಣಿಗೆಯ ಪರೀಕ್ಷೆ, ಇನ್ನೊಂದಕ್ಕೆ ಮೈದಾನದ ಪರೀಕ್ಷೆ. ಲಾಗ ಹಾಕುವವನನ್ನು ಹಿಡಿದುಕೊಂಡೇ ‘ಈಗ ನಿನ್ನ ಕೈ ಅಲ್ಲಿಗೇ ಹೋದದ್ದೇಕೆ?’ ಎಂದು ಕೇಳುವ ಪರೀಕ್ಷಕನೊಬ್ಬನಿದ್ದರೆ ಎರಡು ಪರೀಕ್ಷೆಗಳೂ ಅಲ್ಲಿಯೇ ಮುಗಿದಾವು.

ಸ್ಟಾಕ್‌ಹೋಮಿಗೆ ಹೋಗಲಾರದವರಿಗೆ ಆ ಗರಡಿಮನೆಯ ಒಂದು ಗುರುತು ಹತ್ತಿರದಲ್ಲಿಯೇ ಸಿಗುತ್ತದೆ. ಗೋಡೆಗೆ ತಗುಲಿಸಿದ, ಅಡ್ಡಪಟ್ಟಿಗಳಿರುವ ಮರದ ಏಣಿಯೊಂದನ್ನು ನಮ್ಮ ಆಸ್ಪತ್ರೆಗಳ ಫಿಸಿಯೋಥೆರಪಿ ಕೊಠಡಿಗಳಲ್ಲಿ ಕಾಣಬಹುದು. ಅದು ಲಿಂಗನ ಪದ್ಧತಿಯಿಂದ ಬಂದದ್ದು. ಭುಜ ಬಿಗಿದ ರೋಗಿಯೊಬ್ಬರು ಅದರ ಪಟ್ಟಿಗಳನ್ನು ಒಂದೊಂದಾಗಿ ಹಿಡಿದು ಕೈ ಮೇಲೇರಿಸುತ್ತಿರುತ್ತಾರೆ. ಪಕ್ಕದಲ್ಲಿ ನಿಂತವರು ಅವರ ಮೊಣಕೈಯನ್ನು ಎರಡು ಬೆರಳಿನಿಂದ ಮೆಲ್ಲನೆ ಆನಿಸಿರುತ್ತಾರೆ.